ತೆಗೆದೊಗೆಯಬಾರದ ವಾಲ್ವು

ಮೋಟಾರು ಗಾಡಿಯ ಅಂಗೋಪಾಂಗಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯಕ್ಕೆ ಗುರಿಯಾದುದು ಯಾವುದೆಂದು ಯಾರಾದರೂ ಕೇಳಿದರೆ, ಎಂಜಿನಿಗೂ ರೇಡಿಯೇಟರಿಗೂ ನಡುವಣ ನೀರಿನ ಹಾದಿಯಲ್ಲಿ, ಹೊರಗಿನ ಕಣ್ಣಿಗೆ ಬೀಳದಂತೆ ಒಂದು ಸಣ್ಣ ಮುಚ್ಚಳದ ಕೆಳಗೆ ಕುಳಿತಿರುವ ಥರ್ಮೋಸ್ಟ್ಯಾಟ್ ಎಂಬ ವಾಲ್ವನ್ನು ನಾನು ನಿಸ್ಸಂಕೋಚವಾಗಿ ಬೆರಳುಮಾಡಿ ತೋರಿಸುತ್ತೇನೆ. ಅದು ಕೆಟ್ಟಾಗ ದೋಷ ಮತ್ತೊಂದರ ತಲೆಗೆ ಹೋಗುತ್ತದೆ. ಮತ್ತೊಂದು ಕೆಟ್ಟಾಗ ದಂಡನೆ ಅದಕ್ಕೆ ಬರುತ್ತದೆ. ಸುರೇಬಾನ, ರಾಮದುರ್ಗ, ಸವದತ್ತಿ, ನರಗುಂದಗಳ ಈ ಬಯಲುಸೀಮೆಯಲ್ಲಂತೂ ಗಾಡಿ ಒಮ್ಮೆ ಹೀಟ್ ಆಯಿತೆಂದರೆ ಸಾಕು, ಆ ವಾಲ್ವನ್ನು ಕಿತ್ತೊಗೆಯುವುದೇ ಚಿಕಿತ್ಸೆಯ ಆದಿಯೂ ಅಂತ್ಯವೂ ಆಗಿಬಿಟ್ಟಿದೆ. "ನಮ್ಮ ಕಡೆ ಬಿಸಲ ಭಾಳ ಐತ್ರಿ ಸಾಹೇಬ್ರ, ಈ ವಾಲ್ವ್ ಏನಿದ್ರೂ ಥಂಡಿ ದೇಶದಾಗ ಬೇಕ್ರಿ, ತಗದ ಒಗದ್ರ ಗಾಡಿ ತಣ್ಣಗ ಇರತೈತಿ" ಎಂಬ ಮಾತನ್ನು ರಸ್ತೆಬದಿಯ ಗ್ಯಾರೇಜಿನಲ್ಲಿ ಕೇಳದ ಗಾಡಿಯ ಯಜಮಾನ ನಮ್ಮಲ್ಲಿ ವಿರಳ. ಹಾಗೆ ಹೇಳುವ ಮಿಸ್ತ್ರಿಯ ಕೈಚಳಕದಲ್ಲಿಯಾಗಲಿ ಪ್ರಾಮಾಣಿಕತೆಯಲ್ಲಿಯಾಗಲಿ ನನಗೆ ಸಂದೇಹವಿಲ್ಲ. ನಟ್ಟನಡುವಿನ ದಾರಿಯಲ್ಲಿ ನಿಂತ ಎಷ್ಟೋ ಸಂಸಾರಗಳನ್ನು ಆ ಕೈಗಳು ಮನೆಗೆ ಮುಟ್ಟಿಸಿವೆ. ಆದರೂ ಆ ಮಾತು ತಪ್ಪು, ಮತ್ತು ಅದರ ಬೆಲೆಯನ್ನು ಎಂಜಿನು ನಿಧಾನವಾಗಿ ತೆರುತ್ತದೆ.

ಈ ತಪ್ಪು ಇಲ್ಲಿ ಹೇಗೆ ಬೇರೂರಿತೆಂಬುದನ್ನು ತಿಳಿಯುವುದು ಕಷ್ಟವಲ್ಲ. ಎರೆಭೂಮಿಯ ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಮಾಪಕವು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುವುದುಂಟು. ಶಬರಿಕೊಳ್ಳದ ದರ್ಶನಕ್ಕೆಂದು ಸುರೇಬಾನಕ್ಕೆ ಬರುವ ಗಾಡಿಗಳು ತುಂಬಿದ ಸೀಟಿನೊಡನೆ ಬಿಸಿಲಿನಲ್ಲಿಯೇ ಬರುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯಿಂದ ಎಲ್ಲಮ್ಮನ ಗುಡ್ಡವನ್ನು ಏರುವಾಗ, ಚಕ್ಕಡಿ, ಟ್ರ್ಯಾಕ್ಟರು, ಪಾದಚಾರಿಗಳ ಸಮ್ಮರ್ದದ ನಡುವೆ ಮೊದಲನೆಯ ಗೇರನ್ನು ದಾಟಲಾರದೆ ತೆವಳುವ ಗಾಡಿಗೆ ಎದುರುಗಾಳಿಯೆಂಬುದೇ ದೊರೆಯದು. ಇದರ ಜೊತೆಗೆ ನೀರಿನ ಸಂಗತಿಯೊಂದಿದೆ. ಇಲ್ಲಿಯ ಎಷ್ಟೋ ಬೋರುಗಳ ನೀರು ಸವಳು. ಸ್ನಾನಕ್ಕೆ ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪೊರೆ ಕಟ್ಟಿಸುವ ಅದೇ ಸುಣ್ಣದಂಶವು ರೇಡಿಯೇಟರಿನ ಸೂಕ್ಷ್ಮ ನಳಿಕೆಗಳಲ್ಲಿಯೂ ವಾಲ್ವಿನ ಅಂಚಿನ ಮೇಲೂ ಕುಳಿತುಕೊಳ್ಳುತ್ತದೆ. ಕೂಲಂಟಿನ ಬದಲಾಗಿ ಅಂತಹ ನೀರನ್ನೇ ವರ್ಷಗಟ್ಟಲೆ ಕುಡಿದ ಗಾಡಿ ಕಾಯದೆ ಇನ್ನೇನು ಮಾಡೀತು? ಅದು ಕಾಯ್ದಾಗ ವಾಲ್ವನ್ನು ಕಿತ್ತರೆ ನೀರಿನ ಓಟ ತುಸು ಸಲೀಸಾಗಿ, ಮುಳ್ಳು ತುಸು ಕೆಳಗಿಳಿಯುತ್ತದೆ. ಆ ತಾತ್ಕಾಲಿಕ ಉಪಶಮನವನ್ನೇ ರೋಗನಿವಾರಣೆಯೆಂದು ಯಜಮಾನನೂ ಮಿಸ್ತ್ರಿಯೂ ನಂಬುತ್ತಾರೆ. ಕಟ್ಟಿಕೊಂಡಿದ್ದ ರೇಡಿಯೇಟರು ಮಾತ್ರ ಕಟ್ಟಿಕೊಂಡೇ ಉಳಿಯುತ್ತದೆ.

ವಾಲ್ವಿನ ಪಕ್ಷವನ್ನು ಹಿಡಿದು ವಾದಿಸುವ ಮುನ್ನ ಅದರ ಕಾರ್ಯವೇನೆಂಬುದನ್ನು ಹೇಳಬೇಕು. ಸಿಲಿಂಡರಿನಲ್ಲಿ ಇಂಧನ ಉರಿಯುವ ಕ್ಷಣದಲ್ಲಿ ಅನಿಲದ ತಾಪವು 2000 ಡಿಗ್ರಿಯನ್ನು ಮೀರುತ್ತದೆ. ಆ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗಿ, ಅಷ್ಟೇ ಪಾಲು ಸೈಲೆನ್ಸರಿನ ದಾರಿ ಹಿಡಿದು, ಉಳಿದುದು ಲೋಹದ ಗೋಡೆಗಳ ಮೂಲಕ ನೀರಿಗೆ ಬರುತ್ತದೆ. ಈ ಕೊನೆಯ ಪಾಲನ್ನು ಗಾಳಿಗೆ ಬಿಟ್ಟುಕೊಡುವುದು ರೇಡಿಯೇಟರಿನ ಕೆಲಸವಾದರೆ, ಯಾವಾಗ ಬಿಟ್ಟುಕೊಡಬೇಕು, ಎಷ್ಟು ಬಿಟ್ಟುಕೊಡಬೇಕು ಎಂಬ ನಿರ್ಣಯವು ವಾಲ್ವಿನದು. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಡುವ ಕಾಲುವೆಗಳ ಗೇಟು ಬೆಳೆಯ ಅಗತ್ಯವನ್ನು ನೋಡಿ ಏರಿಳಿಯಬೇಕಾದಂತೆ, ಇದು ಎಂಜಿನಿನ ಅಗತ್ಯವನ್ನು ನೋಡಿ ತೆರೆದುಕೊಳ್ಳುತ್ತದೆ. ವ್ಯತ್ಯಾಸವಿಷ್ಟೆ, ಈ ಗೇಟನ್ನು ಎತ್ತುವುದಕ್ಕೆ ಮತ್ತೊಬ್ಬರ ಅಪ್ಪಣೆ ಬೇಕಿಲ್ಲ. ಗಾಡಿಯನ್ನು ಚಾಲೂ ಮಾಡಿದಾಗ ಅದು ಮುಚ್ಚಿಕೊಂಡಿದ್ದು, ಎಂಜಿನಿನೊಳಗಿನ ನೀರು ಅಲ್ಲಿಯೇ ಸುತ್ತಿ ಬೇಗನೆ ಬಿಸಿಯಾಗುವಂತೆ ಮಾಡುತ್ತದೆ. ನೀರಿನ ತಾಪ 82 ಡಿಗ್ರಿಗೋ 88 ಡಿಗ್ರಿಗೋ, ಗಾಡಿಯ ತಯಾರಕರು ಗೊತ್ತುಪಡಿಸಿದ ಮಟ್ಟಕ್ಕೆ ಏರುತ್ತಲೇ ತೆರೆಯತೊಡಗಿ, ಅಲ್ಲಿಂದ ಸುಮಾರು ಹನ್ನೆರಡು ಹದಿನೈದು ಡಿಗ್ರಿ ಮೇಲೆ ಪೂರ್ಣವಾಗಿ ತೆರೆದಿರುತ್ತದೆ. ಈ ಎರಡು ಅಂಕಗಳ ನಡುವೆ ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ತೆರೆಯುತ್ತ, ಕೂದಲೆಳೆಯಷ್ಟು ಮುಚ್ಚುತ್ತ ಎಂಜಿನನ್ನು ಒಂದೇ ಹದದ ಬಿಸಿಯಲ್ಲಿ ಕಾಪಾಡುತ್ತದೆ.

ಇಷ್ಟನ್ನು ಸಾಧಿಸುವ ಶಕ್ತಿ ಅದರ ಹೊಟ್ಟೆಯಲ್ಲಿರುವ ಚಿಟಿಕೆಯಷ್ಟು ಮೇಣದ್ದು. ಹಿತ್ತಾಳೆಯ ಪುಟ್ಟ ಬಟ್ಟಲಿನಲ್ಲಿ, ಶಾಖವು ಬೇಗ ಹರಡಲೆಂದು ತಾಮ್ರದ ಪುಡಿಯನ್ನು ಬೆರೆಸಿದ ಮೇಣವನ್ನು ತುಂಬಿ, ರಬ್ಬರಿನ ಪೊರೆಯ ಮೂಲಕ ಒಂದು ಉಕ್ಕಿನ ಕಡ್ಡಿಯನ್ನು ಅದಕ್ಕೆ ಆನಿಸಿರುತ್ತಾರೆ. ಮೇಣ ಕರಗಿ ಹಿಗ್ಗಿದಾಗ ಕಡ್ಡಿಯ ಮೇಲಣ ಒತ್ತಡದಿಂದ ಮುಚ್ಚಳ ತೆರೆಯುತ್ತದೆ, ತಣ್ಣಗಾಗಿ ಕುಗ್ಗಿದಾಗ ಸ್ಪ್ರಿಂಗು ಮುಚ್ಚಳವನ್ನು ಮರಳಿ ಒತ್ತುತ್ತದೆ. ವಿದ್ಯುತ್ತಿನ ಎಳೆಯಿಲ್ಲ, ಎಲೆಕ್ಟ್ರಾನಿಕ್ ಮಿದುಳಿಲ್ಲ. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆ ಎಂಬ ಸಂಶೋಧಕರು ರೂಪಿಸಿದ ಈ ಮೇಣದ ಯುಕ್ತಿಯು ಅದಕ್ಕೆ ಮುಂಚಿನ ತಿದಿಯಾಕಾರದ ವಾಲ್ವುಗಳನ್ನು ಕ್ರಮೇಣ ಮೂಲೆಗೊತ್ತಿ ಇಂದಿನವರೆಗೂ ನಡೆದು ಬಂದಿದೆ. ಅದಕ್ಕೂ ಹಿಂದೆ ಫೋರ್ಡ್ ಕಂಪನಿಯ ಮಾಡೆಲ್ ಟಿಯಂತಹ ಗಾಡಿಗಳಲ್ಲಿ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ನಿಸರ್ಗಧರ್ಮವನ್ನೇ ನಂಬಿ ನೀರನ್ನು ಹರಿಸುತ್ತಿದ್ದುದುಂಟು. ಅವುಗಳಿಗೆ ಈ ವಾಲ್ವು ಇರಲಿಲ್ಲವೆಂಬುದು ನಿಜವಾದರೂ, ಅವುಗಳ ಎಂಜಿನು ಬೇಗ ಸವೆಯುತ್ತಿತ್ತೆಂಬುದೂ ಅಷ್ಟೇ ನಿಜ.

ಇನ್ನು ಬಿಸಿಲಿನ ವಾದ. ನಮ್ಮ ಬಿಸಿಲು ಎಷ್ಟು ಪ್ರಖರವಾದರೂ 40 ಡಿಗ್ರಿ. ಎಂಜಿನು ಬಯಸುವ ಬಿಸಿ 90ರ ಸಮೀಪ. ನಡುವಣ ಐವತ್ತು ಡಿಗ್ರಿಗಳನ್ನು ಸುರೇಬಾನದ ಸೂರ್ಯನು ತುಂಬಿಕೊಡಲಾರನು. ಅಲ್ಲದೆ ಇಲ್ಲಿ ವರ್ಷವೆಲ್ಲ ಬೇಸಗೆಯೂ ಅಲ್ಲ. ಹಿಂಗಾರಿ ಜೋಳದ ಹೊಲಗಳ ಮೇಲೆ ಇಬ್ಬನಿ ಬೀಳುವ ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ವಾಲ್ವಿಲ್ಲದ ಗಾಡಿಯನ್ನು ರಾಮದುರ್ಗದವರೆಗೆ ಓಡಿಸಿ ನೋಡಿದರೆ, ಊರು ಮುಟ್ಟಿದರೂ ಮುಳ್ಳು ತನ್ನ ನಡುಸ್ಥಾನಕ್ಕೆ ಬಂದಿರುವುದಿಲ್ಲ. ಹಾಗೆ ತಣ್ಣಗೆ ಓಡುವ ಎಂಜಿನಿನಲ್ಲಿ ಆಗುವ ಹಾನಿ ಕಣ್ಣಿಗೆ ಕಾಣಿಸದು. ಇಂಧನ ಉರಿದಾಗ ಹುಟ್ಟುವ ನೀರಾವಿಯು ತಣ್ಣಗಿನ ಸಿಲಿಂಡರ್ ಗೋಡೆಯ ಮೇಲೆ ಹನಿಗಟ್ಟಿ, ಇಂಧನದ ಗಂಧಕಾದಿಗಳೊಡನೆ ಕೂಡಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಸಿಲಿಂಡರಿನ ಸವೆತಕ್ಕೆ ಉಜ್ಜಾಟಕ್ಕಿಂತ ಈ ಶೀತದ ತುಕ್ಕೇ ದೊಡ್ಡ ಕಾರಣವೆಂಬುದನ್ನು ಇಂಗ್ಲೆಂಡಿನ ವಾಹನ ಎಂಜಿನಿಯರುಗಳ ಸಂಸ್ಥೆಯು 1930ರ ದಶಕದಲ್ಲಿಯೇ ಪ್ರಯೋಗಗಳಿಂದ ತೋರಿಸಿಕೊಟ್ಟಿತು. ಆಯಿಲಿನೊಳಗೆ ಸೇರಿದ ತೇವ ಆವಿಯಾಗಿ ಹೋಗಲು ಬಿಸಿ ಸಾಲದೆ ಅಲ್ಲಿಯೇ ನಿಂತು ಕೆಸರುಗಟ್ಟುತ್ತದೆ. ಹೊಸ ಬಗೆಯ ಪೆಟ್ರೋಲ್ ಗಾಡಿಯಲ್ಲಿಯಾದರೋ ಎಂಜಿನು ಇನ್ನೂ ತಣ್ಣಗಿದೆಯೆಂದು ತಿಳಿದ ಕಂಪ್ಯೂಟರು ಇಂಧನವನ್ನು ಧಾರಾಳವಾಗಿಯೇ ಸುರಿಯುತ್ತಿರುತ್ತದೆ. "ಯಾಕೋ ಎವರೇಜ್ ಕೊಡವಲ್ದು" ಎಂದು ಕೊರಗುವ ಯಜಮಾನನು ಪೆಟ್ರೋಲ್ ಪಂಪಿನವರನ್ನು ಶಂಕಿಸುತ್ತಾನೆಯೇ ಹೊರತು, ಒಂದು ವರ್ಷದ ಹಿಂದೆ ತೆಗೆದೊಗೆದ ವಾಲ್ವು ಅವನ ನೆನಪಿಗೆ ಬರುವುದಿಲ್ಲ.

ಇದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿ ಮತ್ತೊಂದಿದೆ. ಅನೇಕ ಎಂಜಿನುಗಳಲ್ಲಿ ಈ ವಾಲ್ವಿಗೆ ಎರಡು ಮುಚ್ಚಳಗಳು: ಒಂದು ರೇಡಿಯೇಟರಿನ ದಾರಿಯನ್ನು ತೆರೆಯುವಾಗ ಇನ್ನೊಂದು ಎಂಜಿನಿನೊಳಗೇ ಸುತ್ತುವ ಒಳದಾರಿಯನ್ನು, ಬೈಪಾಸ್ ಎನ್ನುವುದನ್ನು, ಮುಚ್ಚುತ್ತದೆ. ಅಂತಹ ಎಂಜಿನಿನಿಂದ ವಾಲ್ವನ್ನು ಕಿತ್ತುಹಾಕಿದರೆ ಒಳದಾರಿಯು ಸದಾ ತೆರೆದೇ ಇದ್ದು, ನೀರಿನಲ್ಲಿ ಒಂದು ಪಾಲು ರೇಡಿಯೇಟರಿನ ಮುಖವನ್ನೇ ಕಾಣದೆ ಮರಳಿ ಎಂಜಿನಿಗೆ ಹೋಗುತ್ತದೆ. ಅದರ ಫಲವಾಗಿ ಮುಂಜಾನೆಯ ಬಯಲು ದಾರಿಯಲ್ಲಿ ಬೇಕಾದುದಕ್ಕಿಂತ ತಣ್ಣಗಿರುವ ಅದೇ ಗಾಡಿ, ನಡುಹಗಲಿನಲ್ಲಿ ಗುಡ್ಡವೇರುವಾಗ ಮೊದಲಿಗಿಂತ ಹೆಚ್ಚಾಗಿ ಕಾಯುತ್ತದೆ. ಗಾಡಿ ತಣ್ಣಗಿರಲೆಂದು ಮಾಡಿದ ಉಪಾಯವೇ ಗಾಡಿಯನ್ನು ಕುದಿಸುವ ಈ ಪರಿಯನ್ನು ಅರಿಯದ ಯಜಮಾನನು, ವಾಲ್ವ್ ತೆಗೆದರೂ ಹೀಟ್ ನಿಲ್ಲಲಿಲ್ಲವೆಂದು, ನೇರವಾಗಿ ಹೆಡ್ ಬಿಚ್ಚಿಸುವ ಖರ್ಚಿಗೆ ಇಳಿಯುತ್ತಾನೆ.

ಹಾಗಾದರೆ ವಾಲ್ವು ಎಂದೂ ಕೆಡುವುದೇ ಇಲ್ಲವೇ? ಖಂಡಿತ ಕೆಡುತ್ತದೆ, ಮತ್ತು ಎರಡು ವಿರುದ್ಧ ರೀತಿಗಳಲ್ಲಿ ಕೆಡುತ್ತದೆ. ಮೇಣದ ಬಟ್ಟಲು ಸೋರಿಹೋದರೆ ಅದು ಮುಚ್ಚಿಯೇ ಉಳಿದು, ಎಂಜಿನು ಹತ್ತೇ ನಿಮಿಷದಲ್ಲಿ ಕುದಿಯತೊಡಗುತ್ತದೆ. ಸ್ಪ್ರಿಂಗು ಸೋತರೆ, ಇಲ್ಲವೆ ತುಕ್ಕೋ ಸುಣ್ಣವೋ ಅಂಚಿನಲ್ಲಿ ಸಿಕ್ಕಿಕೊಂಡರೆ, ತೆರೆದೇ ಉಳಿದು, ಮೇಲೆ ವರ್ಣಿಸಿದ ಶೀತರೋಗವನ್ನು ತರುತ್ತದೆ. ನಾನು ಬೇಡವೆನ್ನುತ್ತಿರುವುದು ವಿಚಾರಣೆಯಿಲ್ಲದೆ ವಿಧಿಸುವ ಶಿಕ್ಷೆಯನ್ನು. ವಿಚಾರಣೆಗೆ ದುಬಾರಿಯಾದ ಸಾಮಗ್ರಿಯೇನೂ ಬೇಕಿಲ್ಲ. ತಣ್ಣಗಿರುವ ಎಂಜಿನು, ಒಂದು ಜೊತೆ ಕೈಗಳು, ಅರ್ಧ ತಾಸಿನ ತಾಳ್ಮೆ ಇದ್ದರೆ ಸಾಕು.

ತಣ್ಣಗಿರುವ ಎಂಜಿನು ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ರೇಡಿಯೇಟರಿನ ಮುಚ್ಚಳವು ಒಳಗಿನ ನೀರನ್ನು ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿನ ಒತ್ತಡದಲ್ಲಿ ಹಿಡಿದಿಡುವುದರಿಂದ ಆ ನೀರು 120 ಡಿಗ್ರಿಯ ಸಮೀಪಕ್ಕೆ ಬರುವ ತನಕ ಕುದಿಯದೆ ಇರಬಲ್ಲದು. ಬಿಸಿಯಲ್ಲಿ ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿದು, ಆ ನೀರು ಒಮ್ಮೆಲೇ ಕುದಿದು ಆವಿಯೊಡನೆ ಮುಖಕ್ಕೆ ಚಿಮ್ಮುತ್ತದೆ. ಮುಖ, ಕಣ್ಣುಗಳನ್ನು ಹಾಗೆ ಸುಟ್ಟುಕೊಂಡವರುಂಟು. ಆದಕಾರಣ ಪರೀಕ್ಷೆಯನ್ನು ಬೆಳಗಿನಲ್ಲಿ, ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಆರಂಭಿಸತಕ್ಕದ್ದು. ಮೊದಲು ನೀರಿನ ಮಟ್ಟವನ್ನೂ ಬಣ್ಣವನ್ನೂ ನೋಡಬೇಕು: ಇಟ್ಟಿಗೆಯ ಪುಡಿ ಕದಡಿದಂತಹ ಕೆಂಪು ಕಂಡರೆ ಒಳಗೆ ತುಕ್ಕು ಹಿಡಿದಿದೆಯೆಂದೇ ಅರ್ಥ. ಮುಚ್ಚಳದ ರಬ್ಬರು ಬಿರಿದಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಬರಿಯ ಮುಚ್ಚಳದ ಈ ದೋಷಕ್ಕಾಗಿ ಬಲಿಯಾದ ವಾಲ್ವುಗಳು ಎಷ್ಟೋ. ಆಯಿಲ್ ತುಂಬುವ ಮುಚ್ಚಳದ ಕೆಳಗೆ ಕೆನೆಯಂತಹ ನೊರೆಯಿದ್ದು, ರೇಡಿಯೇಟರಿನ ಬಾಯಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತಿದ್ದು, ಸೈಲೆನ್ಸರಿನಿಂದ ಬಿಳಿಯ ಹೊಗೆ ನಿಲ್ಲದೆ ಬರುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟಿನ ವ್ಯವಹಾರ. ಅಲ್ಲಿ ವಾಲ್ವನ್ನು ಎಷ್ಟು ಬೈದರೂ ಫಲವಿಲ್ಲ.

ಇಷ್ಟಾದ ಮೇಲೆ ಮುಚ್ಚಳ ಹಾಕಿ ಗಾಡಿಯನ್ನು ಚಾಲೂ ಮಾಡಿ, ರೇಡಿಯೇಟರಿನ ಮೇಲ್ಗಡೆಯ ಹೋಸ್ ಪೈಪನ್ನು ಆಗಾಗ್ಗೆ ಮುಟ್ಟಿ ನೋಡುತ್ತಿರಬೇಕು. ಹೆಗಲ ಮೇಲಣ ಟಾವೆಲನ್ನೂ ಸಡಿಲವಾದ ತೋಳನ್ನೂ ಫ್ಯಾನಿಗೆ ದೂರವಿಡಬೇಕು; ವಿದ್ಯುತ್ತಿನ ಫ್ಯಾನು ಎಂಜಿನನ್ನು ನಿಲ್ಲಿಸಿದ ಮೇಲೂ ಒಮ್ಮೆಲೇ ತಿರುಗತೊಡಗುವುದುಂಟು. ಎಂಜಿನಿನ ಹೊರಬಾಯಲ್ಲಿ ವಾಲ್ವಿರುವ ಗಾಡಿಗಳಲ್ಲಿ, ಅದು ಆರೋಗ್ಯದಿಂದಿದ್ದರೆ, ಮೊದಲ ಕೆಲವು ನಿಮಿಷ ಮೇಲಿನ ಪೈಪು ಸುಮಾರಾಗಿ ತಣ್ಣಗೆ ಇದ್ದು, ಮುಳ್ಳು ನಡುವಿನ ಸಮೀಪಕ್ಕೆ ಬರುತ್ತಿದ್ದಂತೆ ಥಟ್ಟನೆ ಬಿಸಿಯಾಗುತ್ತದೆ. ಆ ಥಟ್ಟನೆಯ ಬದಲಾವಣೆಯೇ ವಾಲ್ವು ಬಾಯಿ ತೆರೆದ ಗುರುತು. ಒಮ್ಮೆ ಅದನ್ನು ಕೈಯಿಂದ ಅರಿತವನು ಮತ್ತೆ ಮರೆಯಲಾರ. ಚಾಲೂ ಮಾಡಿದ ಕ್ಷಣದಿಂದಲೇ ಪೈಪು ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ, ವಾಲ್ವು ತೆರೆದೇ ನಿಂತಿದೆ, ಇಲ್ಲವೆ ಹಿಂದಿನ ಯಾರೋ ಕಿತ್ತೊಗೆದಿದ್ದಾರೆ. ಮುಳ್ಳು ಕೆಂಪಿನತ್ತ ಧಾವಿಸುತ್ತಿದ್ದರೂ ಪೈಪೂ ರೇಡಿಯೇಟರಿನ ಮೈಯೂ ತಣ್ಣಗೇ ಇದ್ದರೆ ಅದು ಮುಚ್ಚಿಯೇ ಉಳಿದಿದೆ. ಆಗ ತಡಮಾಡದೆ ಎಂಜಿನನ್ನು ನಿಲ್ಲಿಸಬೇಕು. ಈಚಿನ ಹಲವು ಎಂಜಿನುಗಳಲ್ಲಿ ವಾಲ್ವನ್ನು ಕೆಳಗಿನ ಪೈಪು ಎಂಜಿನಿಗೆ ಸೇರುವ ಒಳಬಾಯಲ್ಲಿ ಇಟ್ಟಿರುತ್ತಾರಾದ್ದರಿಂದ ಅಲ್ಲಿ ಕೆಳಗಿನ ಪೈಪಿನ ತಂಪನ್ನು ಗಮನಿಸತಕ್ಕದ್ದು.

ಆದರೆ ಕೆಳಗಿನ ಪೈಪು ತಣ್ಣಗಿದೆಯೆಂಬಷ್ಟಕ್ಕೇ ತೀರ್ಪು ಕೊಡಲಾಗದು. ನಳಿಕೆಗಳು ಕಟ್ಟಿಕೊಂಡ ರೇಡಿಯೇಟರೂ ಅದೇ ಲಕ್ಷಣವನ್ನು ತೋರೀತು. ಅದರ ಮೈಮೇಲೆ ಕೈಯಾಡಿಸಿದಾಗ ಒಂದೆಡೆ ಸುಡುವಷ್ಟು ಬಿಸಿ, ಪಕ್ಕದಲ್ಲಿಯೇ ತಣ್ಣಗಿನ ಪಟ್ಟಿ ಸಿಕ್ಕರೆ ದೋಷ ಅಲ್ಲಿಯದು. ಗಾಡಿ ನಿಂತಾಗ, ಜಾತ್ರೆಯ ದಟ್ಟಣೆಯಲ್ಲಿ ತೆವಳುವಾಗ ಮಾತ್ರ ಕಾಯ್ದು, ಬಯಲಿಗೆ ಬಂದು ಓಡತೊಡಗಿದೊಡನೆ ತಣ್ಣಗಾದರೆ ಸಂಶಯವು ಫ್ಯಾನಿನ ಕಡೆಗೆ ತಿರುಗಬೇಕು. ಏರಿನಲ್ಲಿಯೂ ವೇಗದಲ್ಲಿಯೂ ಕಾಯ್ದರೆ ರೇಡಿಯೇಟರಿನ ಕಡೆಗೆ. ನಿಂತಾಗ ಸರಿಯಾಗಿದ್ದು, ಓಡುವಾಗ ಮುಳ್ಳು ಕೆಳಗೆ ಬಿದ್ದರೆ ತೆರೆದು ನಿಂತ ವಾಲ್ವಿನ ಕಡೆಗೆ. ಮುಳ್ಳನ್ನೂ ಪೂರ್ತಿಯಾಗಿ ನಂಬಲಾಗದು: ಈಚಿನ ಗಾಡಿಗಳಲ್ಲಿ ತಾಪವು ಹತ್ತಾರು ಡಿಗ್ರಿ ಏರಿಳಿದರೂ ಮುಳ್ಳು ನಡುವಿನಲ್ಲಿಯೇ ನಿಲ್ಲುವಂತೆ ಮಾಡಿರುತ್ತಾರೆ, ಕೆಲವು ಗಾಡಿಗಳಲ್ಲಿ ಮುಳ್ಳೇ ಇಲ್ಲದೆ ತಣ್ಣಗಿದ್ದಾಗ ನೀಲಿ, ಅತಿಯಾಗಿ ಕಾಯ್ದಾಗ ಕೆಂಪು ದೀಪ ಮಾತ್ರ. ಸ್ಕ್ಯಾನರ್ ಇಟ್ಟಿರುವ ಮಿಸ್ತ್ರಿಯಲ್ಲಿಗೆ ಹೋದರೆ ಅದು ನೀರಿನ ನಿಜವಾದ ತಾಪವನ್ನು ಅಂಕೆಯಲ್ಲಿ ಹೇಳುತ್ತದೆ. ಪಿ0128 ಎಂಬ ಸಂಕೇತವು ಕಂಡರೆ ಎಂಜಿನು ಬೇಕಾದಷ್ಟು ಬಿಸಿಯಾಗುತ್ತಿಲ್ಲವೆಂದು ತಿಳಿಯಬೇಕು. ನಮ್ಮ ಕಡೆ ಫ್ಯಾನನ್ನು ಡೈರೆಕ್ಟ್ ಮಾಡಿ, ಸದಾ ತಿರುಗುವಂತೆ ವೈರು ಜೋಡಿಸುವ ಮತ್ತೊಂದು ರೂಢಿಯಿದೆ. ಅದೂ ರೋಗವನ್ನು ಮರೆಸುವ ಬಗೆಯೇ ಹೊರತು ಬೇರೇನಲ್ಲ.

ಈ ಎಲ್ಲ ಸಾಕ್ಷ್ಯಗಳು ವಾಲ್ವಿನ ವಿರುದ್ಧವೇ ನುಡಿದರೆ ಆಗ ಅದನ್ನು ಬಿಚ್ಚಿ, ಅಡುಗೆಗೆ ಮತ್ತೆಂದೂ ಬಳಸದ ಒಂದು ಹಳೆಯ ಪಾತ್ರೆಯಲ್ಲಿ ಪರೀಕ್ಷಿಸಬೇಕು. ಈ ಪರೀಕ್ಷೆಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ, ಏಕೆಂದರೆ ಇಲ್ಲಿ ಅಂದಾಜಿಗೆ ಎಡೆಯಿಲ್ಲ. ಮೊದಲು ತಣ್ಣಗಿನ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಬೆಳಕು ತೂರಬಾರದು. ಬಳಿಕ ಅದರ ಮುಚ್ಚಳವನ್ನು ತುಸು ಒತ್ತಿ, ಸಂದಿನಲ್ಲಿ ಒಂದು ದಾರವನ್ನು ಸಿಕ್ಕಿಸಿ, ಆ ದಾರದಿಂದಲೇ ಪಾತ್ರೆಯ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ತೂಗುಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕವನ್ನಿಟ್ಟು, ಸಣ್ಣ ಉರಿಯಲ್ಲಿ ಕಾಯಿಸುತ್ತ ಹೋಗಬೇಕು. ಯಾವ ತಾಪದಲ್ಲಿ ದಾರದ ಹಿಡಿತ ತಪ್ಪಿ ವಾಲ್ವು ಕೆಳಗೆ ಬೀಳುವುದೋ ಅದೇ ಅದು ಬಾಯಿ ತೆರೆದ ತಾಪ. ವಾಲ್ವಿನ ಮೈಮೇಲೆಯೇ ಕೊರೆದಿರುವ 82 ಅಥವಾ 88 ಎಂಬ ಅಂಕೆಯೊಡನೆ ಅದನ್ನು ಹೋಲಿಸಿ ನೋಡಿದರೆ ಎರಡು ಮೂರು ಡಿಗ್ರಿಗಿಂತ ಹೆಚ್ಚಿನ ಅಂತರವಿರಬಾರದು. ಸುರೇಬಾನದ ಸೀಮೆಯು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಈ ವಾಲ್ವುಗಳ ಪರೀಕ್ಷೆಗೆ ಅಷ್ಟು ಸಾಕು. ಕುದಿಯುವ ನೀರಿನಲ್ಲಿಯೂ ಬಾಯಿ ತೆರೆಯದುದನ್ನು, ಹೊರತೆಗೆದು ತಣ್ಣಗಾದ ಮೇಲೂ ಬಾಯಿ ಮುಚ್ಚದುದನ್ನು ಎಸೆಯಬಹುದು. ಆಗ ಅದು ನ್ಯಾಯ.

ಎಸೆದ ಜಾಗದಲ್ಲಿ ಹೊಸದನ್ನು ಕೂಡಿಸತಕ್ಕದ್ದು. ಸಾಮಾನ್ಯವಾದ ಸಣ್ಣ ಗಾಡಿಗೆ ಅದರ ಬೆಲೆ ಕೆಲವು ನೂರು ರೂಪಾಯಿ. ಕಾಯ್ದು ಸೊಟ್ಟಗಾದ ಹೆಡ್ಡಿನ ರಿಪೇರಿಗೆ ಸಾವಿರಗಳ ಲೆಕ್ಕ. ಅದೇ ಅಂಕೆಯ ವಾಲ್ವನ್ನೇ ತರಬೇಕು. ಬಿಸಿಲ ನಾಡೆಂದು ಕಡಿಮೆ ಡಿಗ್ರಿಯದನ್ನು ಆರಿಸಬಾರದು. ಮೇಣದ ಬಟ್ಟಲು ಎಂಜಿನಿನ ಕಡೆಗಿರಬೇಕು, ಗಾಳಿ ಹೊರಡಲೆಂದು ಬಿಟ್ಟ ಸಣ್ಣ ತೂತು ಅಲುಗುವ ಪಿನ್ನಿನೊಡನೆ ಮೇಲ್ಗಡೆಗೆ ಬರಬೇಕು, ಗ್ಯಾಸ್ಕೆಟು ಹೊಸದಿರಬೇಕು. ಸವಳು ನೀರಿನ ಬದಲು ಕೂಲಂಟನ್ನು ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನು ಪೂರ್ತಿಯಾಗಿ ಹೊರಡಿಸಬೇಕು. ಗಾಳಿ ನಿಂತರೆ ಹೊಸ ವಾಲ್ವೂ ಕೆಟ್ಟದರಂತೆಯೇ ವರ್ತಿಸುತ್ತದೆ. ಇಳಿಸಿದ ಹಳೆಯ ಕೂಲಂಟನ್ನು ಅಂಗಳದಲ್ಲಿ ಚೆಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ದನಕರುಗಳೂ ನಾಯಿಗಳೂ ರುಚಿಗೆ ನೆಕ್ಕಿ ಸಾಯುತ್ತವೆ.

ಕಾರಿಗೆ ಹೇಳಿದುದೆಲ್ಲ ಹೊಲದ ಟ್ರ್ಯಾಕ್ಟರಿಗೂ, ಕಬ್ಬು ಹೊರುವ ಲಾರಿಗೂ ಸಲ್ಲುತ್ತದೆ. ಅವುಗಳಲ್ಲಿಯೂ ಇದೇ ವಾಲ್ವಿದೆ, ಇದೇ ಅನ್ಯಾಯವೂ ನಡೆಯುತ್ತಿದೆ. ಹಳೆಯ ಗಾಡಿಯನ್ನು ಕೊಂಡವರು ಅದರಲ್ಲಿ ವಾಲ್ವು ಉಳಿದಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ನಿಮ್ಮ ಮಿಸ್ತ್ರಿಯವರು ಮುಂದಿನ ಸಲ ವಾಲ್ವ್ ತೆಗೆದುಬಿಡೋಣವೆಂದಾಗ, ಕುದಿಯುವ ನೀರಿನಲ್ಲಿ ಇಳಿಬಿಟ್ಟು ನೋಡಿರೆಂದು ವಿನಯದಿಂದಲೇ ಕೇಳಿರಿ. ಕೆಟ್ಟಿದ್ದರೆ ಹೊಸದನ್ನು ಹಾಕಿಸಿರಿ, ಕೆಟ್ಟಿರದಿದ್ದರೆ ಅದನ್ನೇ ಮರಳಿ ಕೂಡಿಸಿ ರೇಡಿಯೇಟರನ್ನು ತೊಳೆಯಿಸಿರಿ. ಈ ಕೆಲಸವನ್ನು ಬೇಸಗೆಗೆ ಮುಂಚೆ, ಬನದ ಹುಣ್ಣಿಮೆಯ ಗುಡ್ಡವೇರುವ ಮುಂಚೆಯೇ ಮಾಡಿಸಿಕೊಳ್ಳಿರಿ.